ಆಯಿ ಈಜಿದ ನೀರು

ಕೊಬ್ಬರಿ ಎಣ್ಣೆ ಹಚ್ಚಿದ ತಲೆ ನೀರಿನಲ್ಲಿ ನೆನೆದು, ಆಮೇಲೆ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಅದು ಎಣ್ಣೆಯದೂ ಅಲ್ಲ, ನೀರಿನದೂ ಅಲ್ಲ. ಸ್ವಲ್ಪ ಬೆವರು, ಸ್ವಲ್ಪ ಕೆಸರು, ಸ್ವಲ್ಪ ಹಸಿ ಟವೆಲ್ಲು ಸೇರಿದ ವಾಸನೆ. ಕಳೆದ ವಾರ ಆಸ್ಟಿನ್‌ನಲ್ಲಿ ನಮ್ಮ ಮನೆ ಹತ್ತಿರದ ಈಜುಕೊಳದ ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಆರೇಳು ವರ್ಷದ ಹುಡುಗಿಯ ಜಡೆಯಿಂದ ಅದೇ ವಾಸನೆ ಬಂತು. ಹುಡುಗಿ ಯಾರ ಮಗಳೋ, ಎಣ್ಣೆ ಹಚ್ಚಿದವರು ಯಾರೋ, ನನಗೆ ಗೊತ್ತಿಲ್ಲ. ನಲವತ್ತು ವರ್ಷದ ಹೆಂಗಸು ನಾನು, ಕಂಕುಳಲ್ಲಿ ಟವೆಲ್ ಇಟ್ಟುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಹಿಂದಿದ್ದವರು ಎರಡು ಸಲ "ಎಕ್ಸ್‌ಕ್ಯೂಸ್ ಮಿ" ಅಂದ ಮೇಲೇ ಎಚ್ಚರವಾದದ್ದು. ಅಷ್ಟು ಹೊತ್ತಿಗೆ ನಾನು ಹ್ಯೂಸ್ಟನ್‌ನ ಥರ್ಡ್ ವಾರ್ಡ್ ಎಂಬ ಕೇರಿಯ ನಮ್ಮ ಮನೆಯ ಜಗಲಿಗೆ ಹೋಗಿ, ನನ್ನಜ್ಜಿ ಆಯಿಯ ಎರಡು ಮೊಣಕಾಲುಗಳ ನಡುವೆ ಕೂತು, ಬಾಚಣಿಗೆ ಎಳೆದಾಗೆಲ್ಲ "ಆಂ" ಅನ್ನುತ್ತಿದ್ದೆ.

ಆ ಮನೆ ಈಗಿಲ್ಲ. ಜಾಗ ಇದೆ, ಮನೆ ನಂಬರು ಕೂಡ ಇದೆ. ಆದರೆ ಅಲ್ಲಿ ಮೂರು ಅಂತಸ್ತಿನ ಬೂದು ಬಣ್ಣದ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಮ್ಮದು ಮರದ ಮನೆಯಾಗಿತ್ತು. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ಕಾಣುವಂತೆ ಒಂದರ ಹಿಂದೊಂದು ಕೋಣೆ. ಅಡುಗೆಮನೆಯಲ್ಲಿ ಒಂದು ಬರ್ನರಿನ ಮೇಲೆ ಅವ್ವನ ಝುಣಕ, ಪಕ್ಕದ್ದರ ಮೇಲೆ ಆಯಿಯ ಅಲಸಂದೆ ಕಾಳು. ಅವ್ವ ಗದಗಿನ ಪಕ್ಕದ ಬೆಟಗೇರಿಯವಳು, ಕ್ರೈಸ್ತರ ಮನೆಯ ಹುಡುಗಿ, ನರ್ಸ್ ಆಗಿ ಹ್ಯೂಸ್ಟನ್‌ನ ಒಂದು ಆಸ್ಪತ್ರೆಗೆ ಬಂದವಳು. ಅಪ್ಪ ಅದೇ ಊರಿನ ಕಪ್ಪು ಜನರ ಪೈಕಿ, ಬಸ್ ರಿಪೇರಿ ಮಾಡುವ ಮೆಕ್ಯಾನಿಕ್. ಇಬ್ಬರೂ ಕಂಡದ್ದು ಚರ್ಚಿನ ಹಾಡಿನ ಗುಂಪಿನಲ್ಲಿ. ನನ್ನ ಮೈಬಣ್ಣ, ಗುಂಗುರು ಕೂದಲು ಅಪ್ಪನ ಕಡೆಯದು, ನಾಲಿಗೆ ಅವ್ವನದು. ಮನೆಯಲ್ಲಿ ಅವಳು ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ, ಇಂಗ್ಲಿಷಿನಲ್ಲಿ ಊಟ ಕೇಳಿದರೆ ತಟ್ಟೆ ಮುಂದೆ ಬರುತ್ತಿರಲಿಲ್ಲ. ಅಪ್ಪನ ತಾಯಿ ಲೂಸಿಲ್‌ಳನ್ನು "ಆಯಿ" ಎಂದು ಕರೆಯಲು ಹೇಳಿಕೊಟ್ಟವಳೂ ಅವ್ವನೇ. ಆ ಹೆಸರು ಅಜ್ಜಿಗೆ ಎಷ್ಟು ಹಿಡಿಸಿತೆಂದರೆ ನಮ್ಮ ಬೀದಿಯ ಮಕ್ಕಳೆಲ್ಲ ಅವಳನ್ನು ಆಯಿ ಎಂದೇ ಕರೆಯಬೇಕಾಯಿತು. ಆಯಿ ಮಾತಾಡುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಆದರೆ ಏನು ಮಾಡಲಿ, ನನ್ನ ನೆನಪಿನಲ್ಲಿ ಅವಳು ಅವ್ವನ ಬೆಟಗೇರಿ ಕನ್ನಡದಲ್ಲೇ ಮಾತಾಡುತ್ತಾಳೆ. ಹಾಗೇ ಬರೆಯುತ್ತೇನೆ, ನೀವೂ ಹಾಗೇ ಕೇಳಿಸಿಕೊಳ್ಳಿ.

ಶುಕ್ರವಾರ ಸಂಜೆ ಜಗಲಿಯಲ್ಲಿ ತಲೆಗೆ ಎಣ್ಣೆ, ಶನಿವಾರ ಬೆಳಿಗ್ಗೆ ಕೆರೆ. ಇದು ನಮ್ಮ ಮನೆಯ ಪದ್ಧತಿ. ಊರಿನ ಉತ್ತರಕ್ಕೆ ಒಂದು ಗಂಟೆಯ ದಾರಿ, ಅಪ್ಪನ ಹಳೇ ವ್ಯಾನಿನಲ್ಲಿ ಬೀದಿಯ ಏಳೆಂಟು ಮಕ್ಕಳು, ಗಾಳದ ಕೋಲುಗಳು, ಐಸ್ ತುಂಬಿದ ಡಬ್ಬ. ಆಯಿ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು, ಇಸ್ತ್ರಿ ಇಲ್ಲದ ಬಟ್ಟೆ ಅವಳ ಮೈಮೇಲೆ ಕಂಡವರಿಲ್ಲ. ಕೆರೆಗೆ ಹೋಗುವಾಗಲೂ ಗರಿಗರಿ ಖಾಕಿ ಅಂಗಿ, ತಲೆಗೆ ಅಗಲವಾದ ಹುಲ್ಲಿನ ಟೋಪಿ. ಆ ಟೋಪಿಯ ಮುಂಭಾಗಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಿನ್ನು ಚುಚ್ಚಿದ ಕಾಗದಗಳು: ಮೀನು ಹಿಡಿಯುವ ಲೈಸೆನ್ಸು, ಪಾರ್ಕಿನ ಪ್ರವೇಶದ ಚೀಟಿ, ತನ್ನ ಫೋಟೋ ಇರುವ ಗುರುತಿನ ಚೀಟಿಯ ಜೆರಾಕ್ಸು. ನಗಬೇಡಿ. ನಮ್ಮ ಎಡಕ್ಕೂ ಬಲಕ್ಕೂ ಗಾಳ ಹಾಕಿ ಕೂತ ಬಿಳಿಯರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ನಮ್ಮ ಹತ್ತಿರ ಬಂದಾಗ ಮಾತ್ರ ಪಾರ್ಕಿನ ಕಾವಲುಗಾರರ ಬೂಟುಗಳು ನಿಲ್ಲುತ್ತಿದ್ದವು. ಲೈಸೆನ್ಸ್ ಇದೆಯೇ, ಎಲ್ಲಿಂದ ಬಂದಿರಿ, ಇಷ್ಟು ಜನ ಮಕ್ಕಳು ಯಾರವರು. ಕೇಳುವವರಿಗೆ ಉತ್ತರ ಹೇಳುವ ಕಷ್ಟ ಯಾಕೆ, ತಲೆ ಮೇಲೇ ಇರಲಿ, ಓದಿಕೊಂಡು ಹೋಗಲಿ ಎಂದು ಆಯಿ ಈ ಉಪಾಯ ಮಾಡಿದ್ದಳು. ಅವಳು ಯಾರ ಮುಂದೂ ಜೇಬಿಗೆ ಕೈ ಹಾಕಿ ತಡಕಾಡಿದ್ದನ್ನು ನಾನು ನೋಡಿಲ್ಲ. ಗತ್ತಿನಿಂದ ಕತ್ತು ಸ್ವಲ್ಪ ಬಗ್ಗಿಸಿ ಟೋಪಿ ತೋರಿಸುತ್ತಿದ್ದಳು, ಅಷ್ಟೇ.

ನೀರಿಗಿಳಿದರೆ ಆಯಿ ಬೇರೆಯೇ ಮನುಷ್ಯಳು. ದಂಡೆಯ ಮೇಲೆ ಮೊಣಕಾಲು ಹಿಡಿದುಕೊಂಡು ಉಸ್ಸೆಂದು ನಡೆಯುವವಳು ನೀರಿನಲ್ಲಿ ಹದಿನಾರರ ಹುಡುಗಿ. ಬೀದಿಯ ಅಷ್ಟೂ ಮಕ್ಕಳಿಗೆ ಈಜು ಕಲಿಸಿದವಳು ಅವಳು. ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಒಂದೇ ಒಂದು ಅಂಗೈ ಇಟ್ಟು, ಯಾವಾಗ ಆ ಅಂಗೈ ತೆಗೆದಳೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹೆದರಿದವರಿಗೆ ಹೇಳುತ್ತಿದ್ದಳು: "ನೀರು ಯಾರ ಮುಖಾನೂ ನೋಡೂದಿಲ್ಲ. ನೋಡಾವ್ರು ದಂಡಿ ಮ್ಯಾಲ ಇರ್ತಾರ." ಅಪ್ಪ ಈಜುತ್ತಿದ್ದ, ನಾನು ಈಜುತ್ತಿದ್ದೆ. ಅವ್ವ ಮಾತ್ರ ದಂಡೆಯಲ್ಲಿ ಟವೆಲ್ಲುಗಳ ಕಾವಲು ಕೂರುತ್ತಿದ್ದಳು. ಕಾಲ್ಬೆರಳು ಕೂಡ ನೆನೆಸುತ್ತಿರಲಿಲ್ಲ. ಆಯಿ ಎಷ್ಟು ಕರೆದರೂ "ನಮ್ಮ ಮನಿಯಾಗ ಹೆಣ್ಣುಮಕ್ಕಳು ಈಜೂದಿಲ್ಲ" ಎಂದು ಮಾತು ಮುಗಿಸುತ್ತಿದ್ದಳು.

ಇಷ್ಟು ಈಜುವ ಆಯಿಗೆ ಈಜು ಬಂದದ್ದು ಆಸ್ಟಿನ್‌ನಲ್ಲಿ. ಅವಳು ಹುಟ್ಟಿ ಬೆಳೆದದ್ದು ಆ ಊರಿನ ಪೂರ್ವಕ್ಕೆ, ಕಪ್ಪು ಜನರಿಗೆಂದು ಗೆರೆ ಎಳೆದು ಬಿಟ್ಟ ಕೇರಿಯಲ್ಲಿ. ಊರಿನ ಆಚೆ ಬದಿಗೆ ನೆಲದೊಳಗಿಂದ ಉಕ್ಕುವ ಚಿಲುಮೆಯ ಕೊಳವೊಂದಿದೆ. ಟೆಕ್ಸಾಸಿನ ಸುಡುವ ಆಗಸ್ಟಿನಲ್ಲೂ ಹಲ್ಲು ಕಟಕಟ ಅನ್ನಿಸುವಷ್ಟು ತಣ್ಣಗಿನ, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ಒಂಬತ್ತು ವರ್ಷದವಳಿದ್ದಾಗ ಅಮ್ಮನ ಕೈ ಹಿಡಿದು, ತನ್ನ ಹೊಸ ಈಜುಡುಪು ತೊಟ್ಟು ಅಲ್ಲಿಗೆ ಹೋಗಿದ್ದಳಂತೆ. ಗೇಟಿನಲ್ಲಿದ್ದವನು ಅಮ್ಮನನ್ನು ನೋಡಲಿಲ್ಲ, ಮಗುವನ್ನು ನೋಡಿ ಕೇಳಿದನಂತೆ: "ನೀನು ಇಲ್ಲಿಗೆ ಬರಬಹುದು ಅಂತ ಯಾರು ಹೇಳಿದರು?" ಒಂಬತ್ತು ವರ್ಷದ ಮಗುವಿಗೆ ಏನು ಉತ್ತರ ಹೊಳೆಯಬೇಕು, ಹೇಳಿ. ಇಬ್ಬರೂ ಹಿಂತಿರುಗಿದರು. ಆ ಬೇಸಿಗೆಯಲ್ಲಿ ಆಯಿಯ ಅಮ್ಮ ಅವಳನ್ನು ಬೇಲಿಯ ಹೊರಗೆ, ಕೊಳದಿಂದ ತುಂಬಿ ಹರಿದು ಹೋಗುವ ತೊರೆಯ ಕೆಳಭಾಗಕ್ಕೆ ಕರೆದುಕೊಂಡು ಹೋಗಿ ಈಜು ಕಲಿಸಿದಳು. "ಅವ್ರು ಈಜಿ ಬಿಟ್ಟ ನೀರಿನಾಗ ಕಲ್ತೆ," ಅನ್ನುತ್ತಿದ್ದಳು ಆಯಿ, ಯಾವ ಸಿಟ್ಟೂ ಇಲ್ಲದೆ, ತರಕಾರಿ ಹೆಚ್ಚುತ್ತಾ. ಬಿಳಿಯರಿಗೆ ಮಾತ್ರ ಎಂಬ ಕಾನೂನು ಮುಂದೆ ಬದಲಾಯಿತು, ಗೇಟು ಎಲ್ಲರಿಗೂ ತೆರೆಯಿತು. ಆಯಿ ಮಾತ್ರ ಹೋಗಲಿಲ್ಲ. ಹೋಗಬೇಡಿ ಎಂದು ನಮ್ಮನ್ನು ತಡೆದವಳೂ ಅಲ್ಲ. ಆದರೂ ಅವಳು ಕಾಲಿಡದ ನೀರಿಗೆ ಮನೆಯವರು ಯಾರೂ ಕಾಲಿಡಲಿಲ್ಲ.

ನನಗೋ, ಹತ್ತನೇ ವಯಸ್ಸಿನಲ್ಲಿ ಅದೊಂದೇ ಆಸೆ. ಶಾಲೆಯ ಗೆಳತಿಯರು ಆಸ್ಟಿನ್‌ಗೆ ಹೋಗಿ ಬಂದು ಆ ಕೊಳದ ಕಥೆ ಹೇಳಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಆಯಿಯಷ್ಟು ಚೆನ್ನಾಗಿ ಈಜುವವರು ಅವರ ಮನೆಗಳಲ್ಲಿ ಯಾರೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆಯಿ ಆ ನೀರಿನಲ್ಲಿ ಈಜುವುದನ್ನು ಊರೆಲ್ಲ ನೋಡಬೇಕು, ಪಕ್ಕದಲ್ಲಿ ನಾನಿರಬೇಕು. ದಿನಾ ಪೀಡಿಸಿದೆ. ಊಟ ಬಿಟ್ಟು ನೋಡಿದೆ, ಅದು ಅರ್ಧ ದಿನಕ್ಕಿಂತ ಮುಂದೆ ಹೋಗಲಿಲ್ಲ. ಆ ವರ್ಷ ಆಯಿಯ ಎದೆಯ ಬಗ್ಗೆ ಡಾಕ್ಟರು ಏನೋ ಹೇಳಿದ್ದರು. ಇನ್ನೊಂದೆರಡು ಬೇಸಿಗೆ ಈಜಬಹುದು, ಆಮೇಲೆ ಸಾಕು ಎಂದು ಅಪ್ಪ ಅವ್ವನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಂದಿನಿಂದ ನನ್ನ ಪೀಡನೆಗೆ ಭಯವೂ ಸೇರಿತು. ಆಯಿ ಒಂದೇ ಮಾತು ಹೇಳುತ್ತಿದ್ದಳು: "ಒಂದ್ಸಲ ಬ್ಯಾಡ ಅಂದ ಮನಿಗೆ ನಾನಾಗೇ ಹೋಗೂದಿಲ್ಲ, ರೂತ್."

ಆ ಬೇಸಿಗೆಯಲ್ಲೇ ಕನ್ನಡದವರ ಪಿಕ್ನಿಕ್ ಬಂತು. ಅವ್ವನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ನರ್ಸ್ ಡಲ್ಲಾಸ್ ಕಡೆಗೆ ಶಿಫ್ಟ್ ಆಗಿ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಮನೆ ಮಾಡಿದ್ದರು. ಅವರು ಕರೆದರು, ಅವ್ವ ಕುಣಿದಾಡಿದಳು. ಆ ನರ್ಸ್ ಊರು ಬಿಟ್ಟ ಮೇಲೆ ಟೆಲಿಫೋನಿನಲ್ಲಲ್ಲದೆ ಎದುರಿಗೆ ಕೂತು ಕನ್ನಡ ಮಾತಾಡುವವಳೆಂದರೆ ನಾನೊಬ್ಬಳೇ, ನನ್ನ ಕನ್ನಡಕ್ಕೋ ಅವಳ ಬೈಗುಳವೇ ಮೂಲ. ಲಿಟಲ್ ಎಲ್ಮ್ ಊರಿನ ಕೆರೆದಂಡೆಯಲ್ಲಿ ಪಿಕ್ನಿಕ್. ಆಗ ಅಲ್ಲಿ ಈಗಿನಷ್ಟು ಹೊಸ ಬಡಾವಣೆಗಳಿರಲಿಲ್ಲ, ಮರ, ಹುಲ್ಲು, ಬೆಂಚುಗಳು, ನೀರು. ನಾವು ನಾಲ್ವರೂ ಹೋದೆವು. ಅವ್ವ ಇಳಕಲ್ ಸೀರೆ ಉಟ್ಟಳು. ಆಯಿ ತನ್ನ ಇಸ್ತ್ರಿಯ ಖಾಕಿ ಅಂಗಿ, ಕಾಗದ ಚುಚ್ಚಿದ ಟೋಪಿ ಧರಿಸಿ, ತಾನೇ ಮಾಡಿದ ಪೀಚ್ ಹಣ್ಣಿನ ಸಿಹಿಯ ದೊಡ್ಡ ಟ್ರೇ ಹಿಡಿದು ಇಳಿದಳು. ಡಾಕ್ಟರುಗಳು, ಎಂಜಿನಿಯರುಗಳು, ನಾಲ್ಕಾರು ಜನ ಓದುವ ಹುಡುಗ ಹುಡುಗಿಯರು, ಪುಳಿಯೋಗರೆ, ಮೊಸರನ್ನ. ಅವ್ವ ಮಾತಿನಲ್ಲಿ ಮುಳುಗಿದಳು. ಅಪ್ಪ ನೆರಳಿರುವ ಒಂದು ಬೆಂಚು ನೋಡಿ ಐಸ್ ಡಬ್ಬದ ಪಕ್ಕ ಕೂತ. ಆಯಿ ಕೆರೆಯ ಅಂಚಿಗೆ ಹೋಗಿ, ಕೈ ಹಿಂದೆ ಕಟ್ಟಿ, ನೀರಾಟ ಆಡುತ್ತಿದ್ದ ಮಕ್ಕಳ ಮೇಲೆ ಕಣ್ಣಿಟ್ಟು ನಿಂತಳು. ಕನ್ನಡದ ಅಷ್ಟು ಮಕ್ಕಳಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ ಎಂದು ಅವಳಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿತ್ತು.

ಆಗ ಸೌತ್‌ಲೇಕ್ ಎಂಬ ಊರಿನ ಡಾಕ್ಟರ್ ಅಂಕಲ್ ಒಬ್ಬರು ಅವಳ ಹತ್ತಿರ ಬಂದರು. ಬಹಳ ಸಭ್ಯ ಮನುಷ್ಯ, ಅದನ್ನೂ ಹೇಳಿಬಿಡುತ್ತೇನೆ. ಖಾಕಿ ಅಂಗಿ ನೋಡಿದರು, ಟೋಪಿಯ ಮೇಲಿನ ಸರ್ಕಾರಿ ಕಾಗದ ನೋಡಿದರು, ಪಾರ್ಕಿನ ನೌಕರಳು ಎಂದುಕೊಂಡರು. ನಾನು ಪಕ್ಕದಲ್ಲೇ ಕಾಲು ನೆನೆಸಿಕೊಂಡು ನಿಂತಿದ್ದೆ. "ಮೇಡಂ, ಅಲ್ಲಿ ಬೆಂಚಿನ ಮೇಲೆ ಕೂತಿರೋ ಮನುಷ್ಯ ನಮ್ಮ ಗುಂಪಿನವನಲ್ಲ. ಈ ಜಾಗ ನಾವು ರಿಸರ್ವ್ ಮಾಡಿರೋದು. ಸ್ವಲ್ಪ ವಿಚಾರಿಸ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಬೆರಳು ತೋರಿಸಿದ್ದು ಅಪ್ಪನ ಕಡೆಗೆ. ಆಯಿ ಡಾಕ್ಟರನ್ನು ನೋಡಿದಳು, ಬೆಂಚನ್ನು ನೋಡಿದಳು. "ಆಗಲಿ, ವಿಚಾರಿಸ್ತೀನಿ," ಎಂದಳು. ಟೋಪಿ ನೆಟ್ಟಗೆ ಮಾಡಿಕೊಂಡು, ಅವಸರವಿಲ್ಲದೆ ನಡೆದು ಹೋಗಿ ಅಪ್ಪನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು: "ಏನ್ರೀ ಸರ್, ನೀವ್ಯಾರು ಅಂತ ಈ ಮಂದಿ ಕೇಳಾಕ ಹತ್ತ್ಯಾರ. ಯಾರು ನೀವು?" ಅಪ್ಪನಿಗೆ ತನ್ನ ತಾಯಿ ಚೆನ್ನಾಗಿ ಗೊತ್ತು. ಎದ್ದು ನಿಂತು, ಕ್ಯಾಪ್ ತೆಗೆದು ಎದೆಗೆ ಹಿಡಿದು, "ನಿಮ್ಮ ಮಗ, ಮೇಡಂ," ಅಂದ.

ಪುಳಿಯೋಗರೆ ಬಡಿಸುತ್ತಿದ್ದ ಸೌಟು ಕೂಡ ನಿಂತಿತು. ಡಾಕ್ಟರ್ ಅಂಕಲ್ ಕೆಂಪಗಾಗಿ, "ಅಯ್ಯೋ, ಸಾರಿ, ಸಾರಿ, ಗೊತ್ತಾಗ್ಲಿಲ್ಲ," ಎಂದು ಕೈ ಕೈ ಹಿಸುಕಿಕೊಂಡರು. ಅವ್ವ ಅಷ್ಟು ದೂರದಿಂದ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದಳು. ಅವಳ ಆ ಮುಖ ನಾನು ಅದುವರೆಗೆ ನೋಡಿರಲಿಲ್ಲ. "ಗೊತ್ತಾಗ್ಲಿಲ್ಲ ಅಂದ್ರ ಕೇಳಬೇಕ್ರಿ, ಡಾಕ್ಟ್ರ. ಅವ್ರನ್ನ ಕೇಳಬೇಕು. ಇವ್ರು ನಮ್ಮ ಅತ್ತಿಯವ್ರು. ಅಲ್ಲಿ ಕುಂತಾವ್ರು ನಮ್ಮ ಮನಿಯವ್ರು. ನೀವು ಉಣ್ಣಾಕ ಹತ್ತೀರಲ್ಲ, ಆ ಸಿಹಿ, ಅದು ಇವ್ರು ಮಾಡಿದ್ದು," ಎಂದಳು. ಅಂಕಲ್ ಪಾಪ, ಮಾತು ಬದಲಿಸಲು ನೋಡಿದರು. "ಕೋಪ ಮಾಡ್ಕೋಬೇಡಿಮ್ಮ. ನೀವು ಗದಗ ಕಡೆಯವರು ಅಂತ ಗೊತ್ತಾಯ್ತು. ಅಲ್ಲಿ ನೀವು ಯಾವ ಪೈಕಿ?" ಕೇಳಿದ್ದು ಸಮಾಧಾನ ಮಾಡುವುದಕ್ಕೇ. ಆದರೆ ಆ ಪ್ರಶ್ನೆ ಏನು ಕೇಳುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವ್ವ ಎತ್ತಿ ಹಿಡಿದಿದ್ದ ನೆರಿಗೆ ಕೆಳಗೆ ಬಿಟ್ಟಳು. ಆಮೇಲೆ ಹೇಳಿದಳು: "ಊರ ಭಾವಿ ಕಟ್ಟಿ ಹತ್ತಾಕ ಬಿಡಲಿಲ್ಲಲ್ರಿ, ಆ ಪೈಕಿ." ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಓದುವ ಹುಡುಗಿಯರಲ್ಲಿ ಒಬ್ಬಳು ಮಾತ್ರ ಎದ್ದು ಬಂದು ಅವ್ವನ ಪಕ್ಕ ನಿಂತಳು.

ನಾವು ಓಡಿಹೋಗಲಿಲ್ಲ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಆಯಿ ಊಟ ಮುಗಿಸಿ, ಎರಡನೇ ಸಲ ಮೊಸರನ್ನ ಹಾಕಿಸಿಕೊಂಡು, ಅಂಗಿ ತೆಗೆದು ಈಜುಡುಪಿನಲ್ಲಿ ಕೆರೆಗಿಳಿದು, ಅಲ್ಲಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಅಂಗಾತ ಮಲಗಿಸಿ ತೇಲಿಸಿದಳು. ಸೌತ್‌ಲೇಕ್ ಡಾಕ್ಟರ ಮಗನೂ ತೇಲಿದ. ಅವನ ತಾಯಿ ದಂಡೆಯಲ್ಲಿ ಕೈಮುಗಿದುಕೊಂಡು "ಹುಷಾರು, ಹುಷಾರು" ಅನ್ನುತ್ತಿದ್ದರು, ಅವನು "ಐ ಆಮ್ ಫೈನ್, ಅಮ್ಮಾ" ಎಂದು ಕಿರುಚುತ್ತಿದ್ದ. ಹ್ಯೂಸ್ಟನ್‌ಗೆ ವಾಪಸು ಹೊರಟಾಗ ಆಯಿ ಮೊದಲು ಅರ್ಧ ಗಂಟೆ ನಕ್ಕಳು. "ಇಷ್ಟು ವರ್ಷ ಈ ಕಾಗದ ಯಾಕ ಚುಚ್ಚಿಕೊಂಡೆ? ಇದು ನನ್ನ ಜಾಗಾನೂ ಹೌದು ಅಂತ ತೋರಸಾಕ. ನೋಡಿದ್ರ ಆಳು ಅಂದ್ಕೊಂಡ್ರು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಅವ್ವನನ್ನು ಕೇಳಿದಳು, ನೀನು ಏನು ಹೇಳಿದ್ದಕ್ಕೆ ಅವರೆಲ್ಲ ಹಾಗೆ ಬಾಯಿ ಮುಚ್ಚಿಕೊಂಡರು ಎಂದು. ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಅವ್ವ ಆ ದಿನ, ಹೆದ್ದಾರಿಯ ಮೇಲೆ, ಮೊದಲ ಸಲ ತನ್ನ ಅಜ್ಜನ ಭಾವಿಯ ಕಥೆ ಹೇಳಿದಳು. ಬೆಟಗೇರಿಗೆ ಬರುವ ಮೊದಲು ಅವರಿದ್ದ ಹಳ್ಳಿಯಲ್ಲಿ ಅಜ್ಜ ಕೊಡ ಹಿಡಿದು ಕಟ್ಟೆಯಿಂದ ದೂರ ಬಿಸಿಲಲ್ಲಿ ನಿಲ್ಲಬೇಕು, ಮೇಲಿನ ಕೇರಿಯ ಯಾರಾದರೂ ಮನಸ್ಸು ಮಾಡಿ ಸೇದಿ ಮೇಲಿಂದ ಹುಯ್ಯಬೇಕು. ಒಂದು ಹನಿ ಹುಯ್ಯುವವರ ಮೈಗೆ ಸಿಡಿದರೆ ಬೈಗುಳ ಕೊಡ ಹಿಡಿದವನಿಗೇ. ಹಳ್ಳಿಯ ಬೇರೆ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಅದೇ ಭಾವಿಯಲ್ಲಿ ಧುಮುಕಿ ಈಜು ಕಲಿಯುತ್ತಿದ್ದರಂತೆ, ಅಜ್ಜ ದೂರದಿಂದ ಆ ಸದ್ದು ಕೇಳುತ್ತಿದ್ದನಂತೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಈಜುವುದಿಲ್ಲ ಎಂದು ಅವ್ವ ಹೇಳುತ್ತಿದ್ದದ್ದು ಅರ್ಧ ನಿಜ. ಅವಳ ಮನೆಯಲ್ಲಿ ಯಾರೂ ಈಜುತ್ತಿರಲಿಲ್ಲ.

ಆಯಿ ಅವ್ವನ ಕಡೆ ತಿರುಗಿ ಕೂತಳು. ಆಮೇಲೆ ಕೇಳಿದಳು, "ಮುಂದ ಆ ಭಾವಿ ಎಲ್ಲಾರಿಗೂ ಆತೇನು?" ಆಯಿತು, ಎಂದಳು ಅವ್ವ. "ನಿಮ್ಮ ಅಜ್ಜ ಇಳದ್ರೇನು?" ಇಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಬಂದವಳಂತೆ ಬಿದ್ದುಕೊಂಡಿದ್ದೆ. ಹ್ಯೂಸ್ಟನ್ ಹತ್ತಿರವಾದಾಗ ಆಯಿ ಅಪ್ಪನ ಹೆಗಲು ತಟ್ಟಿ ಹೇಳಿದಳು: "ಬರೋ ಶನಿವಾರ ಆಸ್ಟಿನ್‌ಗೆ ನಡೀರಿ. ನಾನಿನ್ನೂ ಸತ್ತಿಲ್ಲಲ್ಲ." ನಾನು ಎದ್ದು ಕೂತು ಕೂಗಿಬಿಟ್ಟೆ. ಅಪ್ಪ ಬೆಚ್ಚಿಬಿದ್ದು ಬ್ರೇಕ್ ಹಾಕಿದ, ಹಿಂದಿನ ಕಾರಿನವನು ಹಾರ್ನ್ ಹೊಡೆದು ಬೈದು ಹೋದ.

ಆ ಶನಿವಾರ ಆಯಿ ಟೋಪಿ ಹಾಕಲಿಲ್ಲ. ನೀಲಿ ಈಜುಡುಪಿನ ಮೇಲೆ, ಚರ್ಚಿಗೆ ಹೋಗುವಾಗ ತೊಡುವ ಬಿಳಿ ಅಂಗಿ. ಆಸ್ಟಿನ್‌ನ ಗೇಟಿನಲ್ಲಿ ಸಾಲು ಇತ್ತು. ಆಯಿ ನಮ್ಮೆಲ್ಲರಿಗಿಂತ ಮುಂದೆ ನಿಂತಳು, ಅವಳ ಕೈ ಹಿಡಿದುಕೊಂಡಿದ್ದವಳು ನಾನು. ಕಿಟಕಿಯಲ್ಲಿ ಕೂತಿದ್ದ ಬಿಳಿ ಹುಡುಗಿ ಬಬಲ್ ಗಮ್ ಅಗಿಯುತ್ತಾ ಟಿಕೆಟ್ ಹರಿದು ಕೊಟ್ಟು, "ಎಂಜಾಯ್ ಯುವರ್ ಸ್ವಿಮ್" ಎಂದಳು. ಆಯಿ ಕದಲಲಿಲ್ಲ. ಹುಡುಗಿ ನಕ್ಕಳು. ಆಯಿ ಕೇಳಿದಳು, "ಮತ್ತೇನೂ ಕೇಳೂದಿಲ್ಲೇನು?" ಹುಡುಗಿಗೆ ಅರ್ಥವಾಗಲಿಲ್ಲ, ಇಲ್ಲವಲ್ಲ ಎಂದು ತಲೆಯಾಡಿಸಿದಳು. ಒಳಗೆ ಬಂದು ಪೆಕಾನ್ ಮರದ ಕೆಳಗೆ ಕೂತ ಮೇಲೆ ಆಯಿಗೆ ಬಂದದ್ದು ಅಳುವಲ್ಲ, ಕೋಪ. "ಐವತ್ತು ವರ್ಷ ಉತ್ತರ ತಯಾರು ಮಾಡಿ ಇಟ್ಕೊಂಡಿದ್ದೆ. ಕೇಳಾವ್ರ ಇಲ್ಲ ನೋಡು!" ಎಂದು ಹುಲ್ಲು ಕಿತ್ತು ಎಸೆದಳು. ಯಾವ ಉತ್ತರ ಆಯಿ, ಎಂದು ಕೇಳಿದೆ. ಹೇಳಲಿಲ್ಲ. ಅದು ಅವಳ ಜೊತೆಗೇ ಹೋಯಿತು. ಮೊನ್ನೆ ಮೊನ್ನೆ ಕಾಡಿನ ದಾರಿಯೊಂದರಲ್ಲಿ ಒಬ್ಬಳೇ ನಡೆಯುತ್ತಿದ್ದಾಗ ಒಬ್ಬಾತ ನಿಂತು, ನೀವು ಈ ಕಡೆಯ ಮನೆಗಳಲ್ಲಿ ಕೆಲಸಕ್ಕಿದ್ದೀರಾ ಎಂದು ನನ್ನನ್ನು ಕೇಳಿದ. ಆಗ ಅನ್ನಿಸಿತು, ಆಯಿ ಆ ಉತ್ತರವನ್ನು ನನಗಾದರೂ ಹೇಳಿ ಹೋಗಬಾರದಿತ್ತೇ ಎಂದು. ನಾನು ನಡೆಯುವುದನ್ನೇನೂ ನಿಲ್ಲಿಸಿಲ್ಲ.

ಕೋಪ ಇಳಿದ ಮೇಲೆ ಆಯಿ ಎದ್ದಳು. ಅಂಗಿ ಮಡಿಸಿ ಅವ್ವನ ಕೈಗೆ ಕೊಟ್ಟಳು. ಮೆಟ್ಟಿಲಿಳಿದು, ನೀರು ಸೊಂಟಕ್ಕೆ ಬಂದಾಗ ಚಳಿಗೆ ದೊಡ್ಡದಾಗಿ ಉಸಿರೆಳೆದಳು, ಮತ್ತೆ ತಿರುಗಿ ನೋಡಲಿಲ್ಲ. ಆ ಉದ್ದನೆಯ ಕೊಳದ ಈ ತುದಿಯಿಂದ ಆ ತುದಿಗೆ ಈಜಿದಳು. ಪಕ್ಕದಲ್ಲಿ ನಾನಿರಬೇಕೆಂದುಕೊಂಡಿದ್ದೆನಲ್ಲ, ಕಾಲು ಭಾಗಕ್ಕೇ ಹಿಂದೆ ಬಿದ್ದೆ. ಅಂಥ ಈಜನ್ನು ಆಮೇಲೆ ನಾನು ನೋಡಿಲ್ಲ. ನೀರು ಚಿಮ್ಮದೆ, ಆತುರವಿಲ್ಲದೆ, ತೋಳು ಎದ್ದು ಎದ್ದು ಮುಳುಗುತ್ತಿತ್ತು. ಬಿಸಿಲಿಗೆ ಅವಳ ಕಪ್ಪು ಭುಜ ಥಳಥಳ ಹೊಳೆಯುತ್ತಿತ್ತು. ದಂಡೆಯಲ್ಲಿ ಮಲಗಿದ್ದವರು ಕೆಲವರು ಪುಸ್ತಕ ಮುಚ್ಚಿ ನೋಡಿದರು. ನಾನು ಹೆಮ್ಮೆಯಿಂದ ಬಾಯಿ ತೆರೆದು ನೋಡುತ್ತಾ, ಆ ನೀರನ್ನೇ ನಾಲ್ಕು ಗುಟುಕು ಕುಡಿದುಬಿಟ್ಟೆ. ಅವಳು ತಿರುಗಿ ಈಜಿ ಬಂದು, ಮೆಟ್ಟಿಲ ಹತ್ತಿರ ನಿಂತು ಅವ್ವನ ಕಡೆಗೆ ಕೈ ಚಾಚಿದಳು. "ನಿಮ್ಮ ಅಜ್ಜಂದೂ ಸೇರಿಸಿ ಇಳಿ, ಕರುಣಾ." ಅವ್ವ ಚಪ್ಪಲಿ ಬಿಟ್ಟಳು. ಚೂಡಿದಾರದಲ್ಲೇ ಇಳಿದಳು. ಆಯಿ ಅವಳನ್ನು ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಅಂಗೈ ಇಟ್ಟಳು. ಅವ್ವ ಕಣ್ಣು ಮುಚ್ಚಿಕೊಂಡು, ಅಳುತ್ತಾ, ತೇಲಿದಳು. ಅಪ್ಪ ನಮ್ಮ ಬಟ್ಟೆಗಳ ಕಾವಲಿಗೆ ಕೂತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಆ ಒಂದೇ ಸಲ. ಮತ್ತೆ ಹೋಗೋಣ ಎಂದರೆ, "ಈಗ ಅದು ನಿಂದು, ನೀ ಹೋಗು," ಎಂದಳು. ಚಳಿಗಾಲದಲ್ಲಿ, ಜನವರಿಯ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟಳು. ನಮ್ಮ ಚರ್ಚಿನಲ್ಲಿ ಸತ್ತವರ ಬದುಕನ್ನು ಒಂದು ಪುಟ ಅಚ್ಚು ಹಾಕಿಸಿ ಎಲ್ಲರಿಗೂ ಹಂಚುತ್ತಾರೆ, ಮನೆಯ ಒಬ್ಬರು ಅದನ್ನು ಎದ್ದು ಓದಬೇಕು. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದ: ಹುಟ್ಟಿದ್ದು ಆಸ್ಟಿನ್‌ನಲ್ಲಿ, ಓದಿದ್ದು ಇಷ್ಟು, ಲಾಂಡ್ರಿಯಲ್ಲಿ ಮೂವತ್ತು ವರ್ಷ, ಚರ್ಚಿನ ಹಾಡಿನ ಗುಂಪು, ಮಗ, ಸೊಸೆ, ಮೊಮ್ಮಗಳು. ನಾನು ಒಂದು ಸಾಲು ಸೇರಿಸಬೇಕೆಂದೆ. ಅಂಥದ್ದನ್ನು ಇದರಲ್ಲಿ ಹಾಕುವುದಿಲ್ಲವಲ್ಲ ಮಗಳೇ ಎಂದು ಮೊದಲು ಹೇಳಿದ. ಅವ್ವ ಸುಮ್ಮನೆ ಅವನ ಕೈಗೆ ಪೆನ್ನು ಕೊಟ್ಟಳು. ಬರೆದ.

ಓದಲು ನಿಂತವಳು ನಾನೇ. ಚರ್ಚು ತುಂಬಿತ್ತು, ಆಯಿಯ ಕಾಲದವರೆಲ್ಲ ಬಿಳಿ ಕೈಗವಸು, ಕಪ್ಪು ಟೋಪಿ ಹಾಕಿ ಮುಂದಿನ ಸಾಲುಗಳಲ್ಲಿ ಕೂತಿದ್ದರು, ಆಸ್ಟಿನ್‌ನಿಂದಲೂ ಬಸ್ಸಿನಲ್ಲಿ ಬಂದವರಿದ್ದರು. ಓದುತ್ತಾ ಹೋದೆ. ಹುಟ್ಟು, ಶಾಲೆ, ಲಾಂಡ್ರಿ. ಆಮೇಲೆ ನನ್ನ ಸಾಲು ಬಂತು: "ಕಳೆದ ಬೇಸಿಗೆಯಲ್ಲಿ ಲೂಸಿಲ್ ಆಸ್ಟಿನ್‌ನ ಚಿಲುಮೆಯ ಕೊಳಕ್ಕೆ ಮುಂಬಾಗಿಲಿನಿಂದ ಹೋಗಿ ಈಜಿದರು." ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕೋಲೂರಿ ಎದ್ದು ನಿಂತಳು. ಅವಳ ಪಕ್ಕದವಳು ಎದ್ದಳು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ, ಆಮೇಲೆ ಇನ್ನಿಬ್ಬರು, ಬೆಂಚುಗಳು ಕಿರುಗುಟ್ಟುತ್ತಾ ಒಬ್ಬೊಬ್ಬರಾಗಿ ಆ ವಯಸ್ಸಿನವರೆಲ್ಲ ಎದ್ದು ನಿಂತರು. ನನಗೆ ಅರ್ಥವಾಗಲಿಲ್ಲ. ಪ್ರಾರ್ಥನೆ ಶುರುವಾಯಿತೇನೋ ಎಂದು ಹೆದರಿ ಓದುವುದನ್ನು ನಿಲ್ಲಿಸಿದೆ. ಆಗ ಆ ಕೋಲಿನ ಮುದುಕಿ, "ಆ ಸಾಲು ಇನ್ನೊಮ್ಮೆ ಓದು, ನನ್ನವ್ವಾ," ಎಂದಳು. ನಾನು ಇನ್ನೊಮ್ಮೆ ಓದಿದೆ.